ಪರಿಸರ ಕರಡು ಅಧಿಸೂಚನೆ ಬಂದಾಗ ಊರಲ್ಲಿ ಆಕ್ಷೇಪಣಾ ಸಭೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು, ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಕರಡು, ಕರಾವಳಿಯ ಹೊಸ ನಕ್ಷೆ. ಇಂಥದ್ದೊಂದು ಹೊರಬಿದ್ದ ಸುದ್ದಿ ಬಂದ ಕೂಡಲೇ ಊರಲ್ಲಿ ಒಂದು ಸಭೆ ಕರೆಯೋಣ ಎಂಬ ಮಾತು ಏಳುತ್ತದೆ. ಕರೆಯುವವರು ಗ್ರಾಮ ಪಂಚಾಯಿತಿಯವರಿರಬಹುದು, ಬೆಳೆಗಾರರ ಸಂಘದವರಿರಬಹುದು, ಕಾಡಿನ ಪರ ಇರುವ ಬಳಗದವರಿರಬಹುದು. ಕರಡನ್ನು ನೀವು ಒಪ್ಪುತ್ತೀರೋ ವಿರೋಧಿಸುತ್ತೀರೋ ಎಂಬುದು ಇಲ್ಲಿ ವಿಷಯವಲ್ಲ. ಎರಡೂ ಕಡೆಯವರು ಮಾಡುವ ತಪ್ಪುಗಳು ಒಂದೇ ಆಗಿರುವುದರಿಂದ ಉತ್ತರಗಳೂ ಇಬ್ಬರಿಗೂ ಒಂದೇ.

ಇಂಥ ಸಭೆ ನಡೆಸಲೇಬೇಕೆಂದು ಕಾನೂನಿದೆಯೇ?

ಯಾವ ಬಗೆಯ ಕರಡು ಎಂಬುದರ ಮೇಲೆ ಹೋಗುತ್ತದೆ. ಪರಿಸರ ಸೂಕ್ಷ್ಮ ಪ್ರದೇಶ ಮತ್ತು ವಲಯಗಳ ಕರಡುಗಳು ಪರಿಸರ ಸಂರಕ್ಷಣಾ ಕಾಯ್ದೆ 1986ರ ಕೆಳಗೆ ಬರುತ್ತವೆ. ಅದೇ ವರ್ಷದ ನಿಯಮಗಳಲ್ಲಿ 5ನೇ ನಿಯಮ ಹೇಳುವುದು ಇಷ್ಟೇ: ಆಸಕ್ತರು ಯಾರೇ ಆಗಲಿ, 60 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ಬರಹದಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಸರ್ಕಾರ ಊರೂರಿಗೆ ಬಂದು ಸಭೆ ಮಾಡಬೇಕೆಂದು ಅಲ್ಲಿಲ್ಲ.

ಹಾಗಾಗಿ ನೀವೇ ಕರೆಯುವ ಸಭೆಗೆ ಕಾನೂನಿನ ತೂಕವಿಲ್ಲ. ತೂಕ ಇರುವುದು ಆ ಸಭೆಯಿಂದ ಹುಟ್ಟಿ ಗಡುವಿನೊಳಗೆ ದೆಹಲಿ ಮುಟ್ಟುವ ಕಾಗದಕ್ಕೆ. ಸಾವಿರ ಜನ ಸೇರಿ, ಪತ್ರಿಕೆಯ ಮುಖಪುಟದಲ್ಲಿ ಫೋಟೋ ಬಂದು, ಒಂದೇ ಒಂದು ಅರ್ಜಿಯೂ ಹೋಗದ ಸಭೆಗಳು ಬೇಕಾದಷ್ಟಿವೆ. ಸಚಿವಾಲಯದ ಕಡತದಲ್ಲಿ ಅಂಥ ಸಭೆ ನಡೆದೇ ಇಲ್ಲ.

ಕಾನೂನೇ ಸಭೆ ಕಡ್ಡಾಯ ಮಾಡಿರುವ ಎರಡು ಸಂದರ್ಭಗಳಿವೆ: ಕರಾವಳಿ ವಲಯ ನಿರ್ವಹಣಾ ಯೋಜನೆಯ ಕರಡು ಮತ್ತು ಗಣಿ, ಅಣೆಕಟ್ಟು, ಕಾರ್ಖಾನೆಯಂಥ ನಿರ್ದಿಷ್ಟ ಯೋಜನೆಯ ಪರಿಸರ ಅಹವಾಲು. ಅವುಗಳ ಬಗ್ಗೆ ಕೆಳಗೆ ಬೇರೆಯಾಗಿ ಬರೆದಿದೆ.

60 ದಿನವನ್ನು ಯಾವತ್ತಿನಿಂದ ಎಣಿಸಬೇಕು?

ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದಂತೂ ಅಲ್ಲ. ಕರಡಿನಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ: ಗೆಜೆಟ್‌ನ ಪ್ರತಿಗಳು ಸಾರ್ವಜನಿಕರಿಗೆ ಸಿಗುವಂತಾದ ದಿನದಿಂದ 60 ದಿನ ಎಂದು. ಅಧಿಸೂಚನೆಯ ಮೇಲಿರುವ ದಿನಾಂಕ ಒಂದು, ಗೆಜೆಟ್‌ನಲ್ಲಿ ಪ್ರಕಟವಾದ ದಿನಾಂಕ ಇನ್ನೊಂದು ಇರಬಹುದು. 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಯ ಮೇಲಿದ್ದದ್ದು ಮಾರ್ಚ್ 23, ಗೆಜೆಟ್‌ಗೆ ಬಂದದ್ದು ಏಪ್ರಿಲ್ 11. ದೇಶವೇ ಲಾಕ್‌ಡೌನ್‌ನಲ್ಲಿದ್ದ ಕಾಲ. ಕೊನೆಗೆ ದೆಹಲಿ ಹೈಕೋರ್ಟ್ ಗಡುವನ್ನು ಆಗಸ್ಟ್ 11ರವರೆಗೆ ಎಳೆಯಿತು.

ಗಡುವು ಯಾವಾಗಲೂ ಹೀಗೆ ಹಿಗ್ಗುತ್ತದೆ ಎಂದು ನಂಬಿ ಕೂರಬೇಡಿ. ಗೊಂದಲವಿದ್ದರೆ ಎರಡು ದಿನಾಂಕಗಳಲ್ಲಿ ಮೊದಲಿನದನ್ನೇ ಹಿಡಿದು ಎಣಿಸಿ. ಕೊನೆಯ ದಿನ ಯಾವ ವಾರ ಎಂದೂ ನೋಡಿಕೊಳ್ಳಿ. ಪಶ್ಚಿಮ ಘಟ್ಟದ ಆರನೇ ಕರಡು ಬಂದದ್ದು 2024ರ ಜುಲೈ 31ರಂದು. ಅಲ್ಲಿಂದ 60ನೇ ದಿನ ಸೆಪ್ಟೆಂಬರ್ 29, ಅದು ಭಾನುವಾರ. ಅಂದರೆ ಅಂಚೆಯಲ್ಲಿ ಕಳಿಸುವವರಿಗೆ ಶನಿವಾರ, ಭಾನುವಾರ ಸೇರಿ ಎರಡು ದಿನ ಸುಮ್ಮನೆ ಕಡಿಮೆ.

ಆ 60 ದಿನದಲ್ಲಿ ಏನೇನು, ಯಾವಾಗ?

ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಕಾಗದ 50ನೇ ದಿನಕ್ಕೆ ಊರು ಬಿಡಬೇಕು. ಅದಕ್ಕೆ ಮುಂಚೆ ಅರ್ಜಿ ಬರೆಯಲು, ಸಹಿ ಮಾಡಿಸಲು, ಪಹಣಿ ಲಗತ್ತಿಸಲು 12ರಿಂದ 15 ದಿನ ಬೇಕೇಬೇಕು. ಆದ್ದರಿಂದ ಸಭೆ 35ನೇ ದಿನದೊಳಗೆ ಮುಗಿದಿರಬೇಕು. ಸಭೆಗೆ ಕನಿಷ್ಠ 10 ದಿನದ ಮುನ್ಸೂಚನೆ ಎಂದರೆ 25ನೇ ದಿನಕ್ಕೆ ಡಂಗುರ ಹೊಡೆದಾಗಿರಬೇಕು. ಉಳಿದ ಮೊದಲ 25 ದಿನ ಕರಡು ತರಿಸಿ, ಓದಿ, ಕನ್ನಡಕ್ಕಿಳಿಸಿ, ನಕ್ಷೆ ತಯಾರಿಸಲು.

ಹೆಚ್ಚಿನ ಕಡೆ ಆಗುವುದು ಇದರ ತಿರುವುಮುರುವು. ಸುದ್ದಿ ತಿಳಿಯುವ ಹೊತ್ತಿಗೆ 20 ದಿನ ಕಳೆದಿರುತ್ತದೆ, ಶಾಸಕರ ದಿನಾಂಕ ಸಿಗಲಿ ಎಂದು ಇನ್ನೊಂದು 20, ಸಭೆ ನಡೆಯುವುದು 55ನೇ ದಿನ. ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಮಾದರಿಯ ಐನೂರು ಪ್ರತಿ.

ಗೆಜೆಟ್ ಹಿಂದಿ, ಇಂಗ್ಲಿಷ್‌ನಲ್ಲಷ್ಟೇ ಇದೆ. ಕನ್ನಡಕ್ಕೆ ಪೂರ್ತಿ ಅನುವಾದ ಮಾಡಿಸಬೇಕೇ?

ಪೂರ್ತಿ ಬೇಡ, ಕೈಗೂಡುವುದೂ ಇಲ್ಲ. ಎರಡು ಪುಟದ ಸಾರಾಂಶ ಸಾಕು, ಆದರೆ ಅದರಲ್ಲಿ ಖಂಡಿಕೆಯ ಸಂಖ್ಯೆಗಳು ಮೂಲದಲ್ಲಿದ್ದಂತೆಯೇ ಇರಬೇಕು. ವಲಯದ ಕರಡುಗಳಲ್ಲಿ ಚಟುವಟಿಕೆಗಳ ಪಟ್ಟಿ ಮೂರು ಭಾಗವಾಗಿರುತ್ತದೆ: ನಿಷೇಧಿಸಿದವು, ನಿಯಂತ್ರಿಸಿದವು, ಉತ್ತೇಜಿಸುವವು. ಸಾರಾಂಶದಲ್ಲೂ ಅದೇ ಮೂರು ಕಾಲಂ ಇಡಿ. ಜನ ಎಡವುವುದು ನಡುವಿನದರಲ್ಲಿ. 'ನಿಯಂತ್ರಿತ' ಎಂದರೆ ಅನುಮತಿ, ಷರತ್ತು ಬೇಕು ಎಂದು. ಊರಲ್ಲಿ ಅದನ್ನು 'ಬಂದ್' ಎಂದು ಓದುತ್ತಾರೆ. ಇನ್ನು ಕೆಲವರು 'ಏನೂ ಆಗಲ್ಲ ಬಿಡಿ' ಎನ್ನುತ್ತಾರೆ. ಎರಡೂ ತಪ್ಪು.

ಪಶ್ಚಿಮ ಘಟ್ಟದ ಕರಡಿನ ಬಗ್ಗೆ ಹಬ್ಬಿದ ಮಾತುಗಳನ್ನೇ ನೋಡಿ. ಮನೆಗೆ ಹೆಂಚು ಹೊದಿಸಲೂ ಬಿಡುವುದಿಲ್ಲವಂತೆ ಎಂಬುದು ಮಲೆನಾಡಿನಲ್ಲಿ ಇವತ್ತಿಗೂ ಕೇಳುವ ಮಾತು. ಕರಡಿನಲ್ಲಿರುವುದು: ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದಕ್ಕೆ ನಿಷೇಧ, ಈಗಿರುವ ಗಣಿಗಳು ಹಂತಹಂತವಾಗಿ ಮುಚ್ಚುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ ಮತ್ತು ಕೆಂಪು ಪಟ್ಟಿಯ (ಅತಿ ಹೆಚ್ಚು ಮಾಲಿನ್ಯ ಮಾಡುವ) ಹೊಸ ಕೈಗಾರಿಕೆಗಳಿಗೆ ತಡೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ತಡೆ. ಇರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಗೆ ಅಡ್ಡಿ ಇಲ್ಲ ಎಂದೂ ಅದರಲ್ಲೇ ಇದೆ. ಈ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಭೆಯ ಗೋಡೆಗೆ ಅಂಟಿಸಿದರೆ ಅರ್ಧ ಗದ್ದಲ ಅಲ್ಲಿಗೇ ಇಳಿಯುತ್ತದೆ. ಆಗ ನಿಜವಾಗಿ ಕೇಳಬೇಕಾದ ಪ್ರಶ್ನೆಗಳಿಗೆ ಹೊತ್ತು ಉಳಿಯುತ್ತದೆ: ನಮ್ಮೂರಿನ ಚಿಕ್ಕ ಕಲ್ಲುಕ್ವಾರಿಯ ಕೂಲಿಗಳು ಏನು ಮಾಡಬೇಕು, ಮನೆ ಕಟ್ಟಲು ಮರಳು ಎಲ್ಲಿಂದ ತರಬೇಕು, ಅನುಮತಿ ಕೊಡುವ ಕಚೇರಿ ಯಾವುದು?

ತುಳು, ಕೊಡವ, ಕೊಂಕಣಿ, ಬ್ಯಾರಿ ಮಾತಾಡುವ ಕಡೆ ಬರಹ ಕನ್ನಡದಲ್ಲಿರಲಿ, ವಿವರಿಸುವವರು ಊರಿನ ಮಾತಿನವರಿರಲಿ.

ನಮ್ಮ ಜಮೀನು ಗಡಿಯೊಳಗೆ ಬರುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ಸಭೆಯ ಅತಿ ಮುಖ್ಯ ಭಾಗ ಇದು. ಭಾಷಣಕ್ಕಿಂತ ಒಂದು ದೊಡ್ಡ ನಕ್ಷೆ ಹೆಚ್ಚು ಕೆಲಸ ಮಾಡುತ್ತದೆ.

ಕರಡಿನ ಅನುಬಂಧದಲ್ಲಿ ಗ್ರಾಮಗಳ ಪಟ್ಟಿ ಇರುತ್ತದೆ. ವಲಯದ ಕರಡಾದರೆ ಗಡಿಬಿಂದುಗಳ ಅಕ್ಷಾಂಶ, ರೇಖಾಂಶವೂ ಇರುತ್ತದೆ. ಮೊದಲು ಪಟ್ಟಿಯ ಹೆಸರುಗಳನ್ನು ಕಂದಾಯ ದಾಖಲೆಯೊಂದಿಗೆ ತಾಳೆ ನೋಡಿ. ಇಂಗ್ಲಿಷ್ ಕಾಗುಣಿತದಲ್ಲಿ ಹಳ್ಳಿಯ ಹೆಸರು ಗುರುತೇ ಸಿಗದಂತೆ ಆಗಿರುತ್ತದೆ. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಗ್ರಾಮಗಳಿದ್ದರಂತೂ ಯಾವುದೆಂದು ಹೋಬಳಿ ನೋಡಿಯೇ ಹೇಳಬೇಕು. ಮಲೆನಾಡಿನಲ್ಲಿ ಜನ ಕರೆಯುವ ಊರಿನ ಹೆಸರು ಬೇರೆ, ಕಂದಾಯ ಗ್ರಾಮದ ಹೆಸರು ಬೇರೆ ಎಂಬುದು ಮರೆಯಬೇಡಿ.

ಅಕ್ಷಾಂಶಗಳು ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿರುತ್ತವೆ. ಮೊಬೈಲ್ ನಕ್ಷೆಗೆ ಹಾಕುವಾಗ ದಶಮಾಂಶಕ್ಕೆ ತಿರುಗಿಸಬೇಕು: ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಕೂಡಿಸಿ. 13 ಡಿಗ್ರಿ 30 ನಿಮಿಷ 36 ಸೆಕೆಂಡ್ ಎಂದರೆ 13.51. ಅವಸರದಲ್ಲಿ 13.3036 ಎಂದು ಒತ್ತಿದರೆ ಗಡಿ ಸುಮಾರು 23 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ಇಡೀ ಊರು ತಪ್ಪು ನಕ್ಷೆ ನೋಡಿ ರೊಚ್ಚಿಗೇಳಲು ಅಷ್ಟು ಸಾಕು.

ಸರ್ವೆ ನಂಬರ್ ತಿಳಿಯಲು ರಾಜ್ಯದ ದಿಶಾಂಕ್ ಆ್ಯಪ್ ಇದೆ. ಜಾಗದ ಮೇಲೆ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಅದು ಅಂದಾಜಿಗೆ ಸರಿ. ಗಡಿಗೆ ತಾಗಿದ ಜಮೀನುಗಳಿಗೆ ಸರ್ವೆ ಇಲಾಖೆಯ ಗ್ರಾಮನಕ್ಷೆಯನ್ನೇ ನೋಡಬೇಕು. ಸಭೆಗೆ ಗೋಡೆಯಷ್ಟಗಲದ ಎರಡು ನಕ್ಷೆ ಮುದ್ರಿಸಿ: ಒಂದರಲ್ಲಿ ಇಡೀ ಗಡಿ, ಇನ್ನೊಂದರಲ್ಲಿ ನಿಮ್ಮ ಪಂಚಾಯಿತಿ ಮಾತ್ರ. ಅದರಲ್ಲಿ ಶಾಲೆ, ದೇವಸ್ಥಾನ, ಮಸೀದಿ, ಕೆರೆ, ಡೇರಿ ಗುರುತಿಸಿ. ಡೇರಿ ಎಲ್ಲಿದೆ ಎಂದು ಗೊತ್ತಾದರೆ ಉಳಿದದ್ದನ್ನು ಜನರೇ ಬೆರಳಿಟ್ಟು ಹೇಳುತ್ತಾರೆ.

ಪಶ್ಚಿಮ ಘಟ್ಟದ ಪಟ್ಟಿಯಲ್ಲಿ ಇನ್ನೊಂದು ತೊಡಕಿದೆ. ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಲು ಕೇಂದ್ರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿ 2013ರ ವರದಿಯಲ್ಲಿ ಹಳ್ಳಿಯನ್ನು ಘಟಕವಾಗಿ ಹಿಡಿಯಿತು. ಗ್ರಾಮದ ಶೇ 20 ಅಥವಾ ಹೆಚ್ಚು ಭಾಗ ಸಹಜ ಅರಣ್ಯದಂಥ ಭೂದೃಶ್ಯವಾಗಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಲೆಕ್ಕ ಉಪಗ್ರಹ ಚಿತ್ರದ್ದು. ನೆರಳಿನಲ್ಲಿ ಬೆಳೆದ ಕಾಫಿ, ಏಲಕ್ಕಿ ತೋಟ ಆಕಾಶದಿಂದ ಕಾಡಿನಂತೆಯೇ ಕಂಡಿದೆ ಎಂಬ ದೂರು ಬಂದದ್ದು ಇದಕ್ಕೇ. 'ನಮ್ಮೂರನ್ನು ಬಿಡಿ' ಎಂಬ ಬೇಡಿಕೆಗೆ ಬೆಲೆ ಬರಬೇಕಾದರೆ ಆ ಶೇ 20ರ ಲೆಕ್ಕ ಎಲ್ಲಿ ತಪ್ಪಿದೆ ಎಂದು ಸರ್ವೆ ನಂಬರ್, ಬೆಳೆ ಕಾಲಂ ಸಹಿತ ತೋರಿಸಬೇಕು. ಪಟ್ಟಿಯಿಂದ ಬಿಟ್ಟುಹೋದ ದಟ್ಟ ಕಾಡು, ದೇವರಕಾಡನ್ನು ಸೇರಿಸಿ ಎನ್ನುವವರೂ ಇದೇ ಲೆಕ್ಕವನ್ನೇ ಹಿಡಿಯಬೇಕು.

ಸಭೆಗೆ ಯಾವ ದಿನ, ಯಾವ ಹೊತ್ತು ಒಳ್ಳೆಯದು?

ಊರಿನ ಕ್ಯಾಲೆಂಡರ್ ನೋಡಿ, ಸಂಘಟಕರದ್ದಲ್ಲ. ಸಂತೆಯ ದಿನ, ಜಾತ್ರೆ, ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು, ಭಾನುವಾರ ಬೆಳಗಿನ ಚರ್ಚಿನ ಹೊತ್ತು ಬೇಡ. ಕಾಫಿ ಸೀಮೆಯಲ್ಲಿ ಡಿಸೆಂಬರ್, ಜನವರಿಯಲ್ಲಿ ಹಣ್ಣು ಕುಯ್ಯುವ ಭರಾಟೆ, ಕಾರ್ಮಿಕರು ಹಗಲು ಬರಲಾರರು. ಅಡಿಕೆ ಸೀಮೆಯಲ್ಲಿ ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿಯೂ ಸುಲಿಯುವ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್, ಕಾಲುಸಂಕ ಯಾವುದನ್ನೂ ನಂಬುವಂತಿಲ್ಲ. 2024ರ ಕರಡಿನ ಅಷ್ಟೂ 60 ದಿನ ಮಳೆಗಾಲದಲ್ಲೇ ಮುಗಿದವು. ಅಂಥ ಹೊತ್ತಲ್ಲಿ ಒಂದು ದೊಡ್ಡ ಸಭೆಗಿಂತ ಮಜರೆಗೊಂದರಂತೆ ನಾಲ್ಕು ಚಿಕ್ಕ ಸಭೆ ಮೇಲು.

ಹೊತ್ತಿನ ವಿಷಯದಲ್ಲಿ ಎರಡು ಗೆರೆ ಹಾಕಿಕೊಳ್ಳಿ: ಸಂಜೆ ಹಾಲು ಕರೆಯುವ ಸಮಯ ಮತ್ತು ಕೊನೆಯ ಬಸ್ಸು. ಬೆಳಿಗ್ಗೆ 10.30ರಿಂದ 1.30 ಹೆಂಗಸರು ಹೆಚ್ಚು ಬರುವ ಹೊತ್ತು. ದಿನಗೂಲಿಯವರಿಗೆ ಅದು ಆಗದು. ಅವರಿಗಾಗಿ ರಜಾದಿನ ಇನ್ನೊಂದು ಚಿಕ್ಕ ಸಭೆ, ಅವರ ಕಾಲೊನಿಯಲ್ಲೇ ಇಡಿ. 'ಕರೆದಿದ್ದೆವು, ಬರಲಿಲ್ಲ' ಎನ್ನುವುದು ಸುಲಭ.

ಪ್ರಚಾರಕ್ಕೆ ವಾಟ್ಸ್‌ಆ್ಯಪ್ ಒಂದನ್ನೇ ನೆಚ್ಚಬೇಡಿ. ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಅಂಗನವಾಡಿ, ಸೊಸೈಟಿ, ಬಸ್ ನಿಲ್ದಾಣ ಈ ಐದು ಕಡೆ ಕಾಗದ ಅಂಟಿಸಿ, ಹಿಂದಿನ ದಿನ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿ. ಕಾಗದದಲ್ಲಿ 'ಮಹತ್ವದ ಸಭೆ' ಎಂದು ಬರೆದರೆ ಯಾರಿಗೂ ಏನೂ ತಿಳಿಯದು. 'ಈ ಗ್ರಾಮಗಳ ಸರ್ವೆ ನಂಬರ್‌ಗಳು ಕರಡಿನಲ್ಲಿವೆ, ಪಹಣಿ ಪ್ರತಿ ತನ್ನಿ' ಎಂದು ಬರೆಯಿರಿ.

ಜಾಗ, ಮೈಕು, ಪರವಾನಗಿ?

ಸಮುದಾಯ ಭವನ ಅಥವಾ ಶಾಲೆ. ಯಾರದೋ ಎಸ್ಟೇಟಿನ ಬಂಗಲೆ, ಪಕ್ಷದವರ ಕಲ್ಯಾಣ ಮಂಟಪ ಬೇಡ. ಅಲ್ಲಿಗೆ ಕಾಲಿಡದ ಜನ ಇರುತ್ತಾರೆ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕು ಹಾಕುವಂತಿಲ್ಲ. ಮೂರು ಮೈಕು ಬೇಕು: ವೇದಿಕೆಗೆ ಒಂದು, ಜನರ ನಡುವೆ ಓಡಾಡಲು ತಂತಿಯಿಲ್ಲದ ಎರಡು, ಅದರಲ್ಲಿ ಒಂದು ಹೆಂಗಸರ ಕಡೆಗೇ ಮೀಸಲು. ಬದಲಿ ಬ್ಯಾಟರಿ, ಜನರೇಟರ್, ಹಾಜರಿ ಪುಸ್ತಕ, ಟೋಕನ್, ಕುಡಿಯುವ ನೀರು. ಊಟ ಹಾಕಿದರೆ ಖರ್ಚು ಯಾರದ್ದು ಎಂಬ ಪ್ರಶ್ನೆ ಬರುತ್ತದೆ, ಚಹಾ ಸಾಕು.

ಒಂದು ಸಭೆಯಲ್ಲಿ ಎಷ್ಟು ಜನ ಮಾತಾಡಬಹುದು?

ಲೆಕ್ಕ ಹಾಕಿ. ಮೂರು ಗಂಟೆ ಎಂದರೆ 180 ನಿಮಿಷ. ತಡವಾಗಿ ಶುರುವಾಗುವುದಕ್ಕೆ 10, ಕರಡಿನ ವಿವರಣೆಗೆ 20, ಕೊನೆಗೆ ನಡಾವಳಿ ಓದಿ ಹೇಳಲು 15 ತೆಗೆದರೆ ಉಳಿಯುವುದು 135. ಒಬ್ಬರಿಗೆ 3 ನಿಮಿಷ, ಮೈಕು ಕೈ ಬದಲಾಗಲು 1 ನಿಮಿಷ. ಬಿಗಿ ಹಿಡಿದರೆ 33 ಜನ. ವೇದಿಕೆಯ ಮೇಲೆ ನಾಲ್ಕು ಗಣ್ಯರನ್ನು ಕೂರಿಸಿ ತಲಾ 15 ನಿಮಿಷ ಕೊಟ್ಟರೆ ಊರಿನ 15 ಜನರ ಬಾಯಿ ಮುಚ್ಚಿಸಿದಂತೆ. ಸ್ವಾಗತ, ಹಾರ, ವಂದನಾರ್ಪಣೆ ಈ ಲೆಕ್ಕದಲ್ಲಿ ಇಲ್ಲ, ಇರಲೂ ಬಾರದು.

ಹೆಸರು ಕೊಟ್ಟವರು 33ಕ್ಕಿಂತ ಹೆಚ್ಚಾದರೆ ಸಭೆಯನ್ನು ಮೇಜುಗಳಾಗಿ ಒಡೆಯಿರಿ: ಗಡಿ ಮತ್ತು ಸರ್ವೆ ನಂಬರ್, ಕೃಷಿ ಮತ್ತು ತೋಟ, ಕಲ್ಲು ಮರಳು ಕಟ್ಟಡ, ಹೋಂಸ್ಟೇ ಮತ್ತು ಪ್ರವಾಸ, ಕಾಡುಪ್ರಾಣಿ ಹಾವಳಿ. ಮೇಜಿಗೊಬ್ಬ ಬರೆಯುವವರು. ಒಂದು ಗಂಟೆಯ ಬಳಿಕ ಪ್ರತಿ ಮೇಜಿನಿಂದ ಒಬ್ಬರು ಎದ್ದು ಓದುತ್ತಾರೆ. ಮೈಕು ಕಂಡರೆ ಹಿಂಜರಿಯುವವರು ಮೇಜಿನ ಸುತ್ತ ಧಾರಾಳವಾಗಿ ಮಾತಾಡುತ್ತಾರೆ. ಸೊಪ್ಪಿನಬೆಟ್ಟ, ಕಾನು, ಬಾಣೆಯಂಥ ಊರವರು ಬಳಸುವ ಕಾಡಂಚಿನ ಜಾಗಗಳ ಬಗ್ಗೆ ಸರಿಯಾದ ಮಾಹಿತಿ ಸಿಗುವುದು ಅಲ್ಲೇ.

ಗಲಾಟೆ ಆದರೆ?

ಹೆಚ್ಚಿನ ಗಲಾಟೆ ಎರಡು ಕಾರಣಕ್ಕೆ. ಒಂದು, ತಮ್ಮ ಸರದಿ ಬರುವುದಿಲ್ಲ ಎಂಬ ಅನುಮಾನ. ಟೋಕನ್ ನಂಬರನ್ನು ಫಲಕದ ಮೇಲೆ ಬರೆಯುತ್ತಾ ಹೋದರೆ ಅದು ತಣಿಯುತ್ತದೆ. ಎರಡು, ಸಭೆಯ ಕೊನೆಗೆ ಕೈ ಎತ್ತಿಸಿ 'ಊರು ವಿರೋಧಿಸಿದೆ' ಅಥವಾ 'ಊರು ಒಪ್ಪಿದೆ' ಎಂದು ಬರೆಸುವ ಹುನ್ನಾರ. ಇದು ಮತದಾನವಲ್ಲ ಎಂದು ಶುರುವಿನಲ್ಲೇ ಹೇಳಿ, ಭಿನ್ನ ಅಭಿಪ್ರಾಯ ಎರಡನ್ನೂ ಬರೆಯಲಾಗುತ್ತದೆ ಎಂದು ತೋರಿಸಿ. ಹತ್ತು ಜನರ ನಡುವೆ ಒಬ್ಬರೇ ಕಾಡಿನ ಪರ ಮಾತಾಡಿದರೆ ಅಥವಾ ಒಬ್ಬರೇ ಕ್ವಾರಿಯ ಪರ ಮಾತಾಡಿದರೆ ಅವರಿಗೂ 3 ನಿಮಿಷ ಪೂರ್ತಿ ಸಿಗಬೇಕು. ನಿರ್ವಾಹಕರ ಅರ್ಹತೆ ಅದೊಂದೇ. ನಿವೃತ್ತ ಮೇಷ್ಟ್ರು ಹೆಚ್ಚಾಗಿ ಹೊಂದುತ್ತಾರೆ.

ಅರಣ್ಯ ಇಲಾಖೆಯವರನ್ನು ಕರೆಯಬೇಕು, ಆದರೆ ವೇದಿಕೆಯ ಮೇಲೆ ಕೂರಿಸಬೇಡಿ. ನಕ್ಷೆಯ ಪಕ್ಕ ನಿಲ್ಲಿಸಿದರೆ ಉಪಯೋಗ ಹೆಚ್ಚು. ಬೈಗುಳ ಕಡಿಮೆ.

ನಡಾವಳಿ ಹೇಗೆ ಬರೆಯಬೇಕು?

ಇಬ್ಬರು ಬರೆಯಬೇಕು, ಒಬ್ಬರು ಧ್ವನಿಮುದ್ರಣ ನೋಡಿಕೊಳ್ಳಬೇಕು. ಐದು ಕಾಲಂ: ಟೋಕನ್ ನಂಬರ್, ಗ್ರಾಮ ಮತ್ತು ಸರ್ವೆ ನಂಬರ್, ಕರಡಿನ ಖಂಡಿಕೆ, ಹೇಳಿದ್ದೇನು, ಏನು ಬದಲಾಗಬೇಕು. ಕೊನೆಯ ಕಾಲಂ ಖಾಲಿ ಉಳಿದರೆ ಬರೆಯುವವರೇ ಅಲ್ಲೇ ಕೇಳಬೇಕು: 'ಹಾಗಾದರೆ ಆ ಸಾಲು ಹೇಗಿರಬೇಕು ಅಂತೀರಿ?' ಕೇಳಿದ ಮೇಲೆ ಬರುವ ಮಾತೇ ಅರ್ಜಿಯ ಜೀವಾಳ.

ಕೊನೆಗೆ ಗಟ್ಟಿಯಾಗಿ ಓದಿ ಹೇಳಿ, ತಿದ್ದುಪಡಿ ಅಲ್ಲೇ ಮಾಡಿ, ಸಹಿ ಹಾಕಿಸಿ. ಮರುದಿನ 'ಚೆಂದ ಮಾಡಿ' ಬರೆಯುವ ಚಪಲ ಬೇಡ. ಖಾಲಿ ಹಾಳೆಯಲ್ಲಿ ಸಹಿ ತೆಗೆದುಕೊಂಡು ಆಮೇಲೆ ಮೇಲ್ಭಾಗ ತುಂಬಿಸುವುದು ನಮ್ಮಲ್ಲಿ ಹಳೆಯ ರೋಗ. ಯಾರಾದರೂ ಒಬ್ಬರು ನಾನು ಹೀಗೆ ಹೇಳಿಲ್ಲ ಎಂದರೆ ಇಡೀ ಕಡತ ಬಿದ್ದುಹೋಗುತ್ತದೆ.

ಒಂದು ಆಕ್ಷೇಪಣೆ ಹೇಗಿರಬೇಕು?

ಒಂದು ಪುಟ, ಒಂದು ವಿಷಯ. 'ಈ ಕರಡು ರೈತವಿರೋಧಿ, ಕೂಡಲೇ ಕೈಬಿಡಿ' ಎಂಬ ಸಾಲನ್ನು ಓದಿದ ಅಧಿಕಾರಿ ಒಂದು ಗೆರೆ ಎಳೆದು ಮುಂದೆ ಹೋಗುತ್ತಾರೆ. ಈ ರೀತಿ ಬರೆದರೆ ಉತ್ತರಿಸಲೇಬೇಕಾಗುತ್ತದೆ: 'ಅಧಿಸೂಚನೆ ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದು, ಅನುಬಂಧದ ಇಂಥ ಕ್ರಮಸಂಖ್ಯೆ. ಗಡಿಬಿಂದು 14 ಮತ್ತು 15ರ ನಡುವಿನ ಗೆರೆ ಸರ್ವೆ ನಂಬರ್ 47ರ ನಡುವೆ ಹಾದಿದೆ. ಅಲ್ಲಿ 60 ಮನೆಗಳ ಜನವಸತಿ ಇದೆ, ಗ್ರಾಮನಕ್ಷೆ ಲಗತ್ತಿಸಿದೆ. ಗೆರೆಯನ್ನು ಉತ್ತರದ ಹಳ್ಳದ ದಡಕ್ಕೆ ಸರಿಸಬೇಕು.' ಖಂಡಿಕೆ, ಜಾಗ, ಪುರಾವೆ, ಬದಲಾವಣೆ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅರ್ಜಿ ಕುಂಟುತ್ತದೆ.

ಕರಡಿನ ಪರ ಇರುವವರೂ ಬರೆಯಬೇಕು. ಬೆಂಬಲ ಕಡತದಲ್ಲಿ ಇಲ್ಲದಿದ್ದರೆ ವಿರೋಧ ಮಾತ್ರ ಉಳಿಯುತ್ತದೆ. ಆದರೂ ಬರೆದ ಮಾತ್ರಕ್ಕೆ ಗೆಲ್ಲುತ್ತೀರಿ ಎಂದುಕೊಳ್ಳಬೇಡಿ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು, ಬೆಂಗಳೂರಿನ ಪರಿಸರಾಸಕ್ತರ ಆಕ್ಷೇಪಣೆಗಳ ನಡುವೆಯೂ.

ಕನ್ನಡದಲ್ಲಿ ಬರೆದರೆ ದೆಹಲಿಯಲ್ಲಿ ಓದುತ್ತಾರೆಯೇ?

ಬರೆಯುವ ಹಕ್ಕು ಇದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರದ ಯಾವ ಅಧಿಕಾರಿಗೂ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲೂ ಕೊಡಬಹುದು. 2020ರಲ್ಲಿ ದೆಹಲಿ ಹೈಕೋರ್ಟ್ ಪರಿಸರ ಪರಿಣಾಮ ಅಂದಾಜಿನ ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದು ಆದೇಶಿಸಿದ್ದರ ಹಿಂದಿನ ತರ್ಕವೂ ಇದೇ: ಓದಲಾಗದ ಕರಡಿಗೆ ಅಭಿಪ್ರಾಯ ಕೇಳುವುದರಲ್ಲಿ ಅರ್ಥವಿಲ್ಲ. ಹಕ್ಕು ಹಾಗಿರಲಿ, ಕೆಲಸವಾಗಬೇಕಾದರೆ ಕನ್ನಡದ ಅರ್ಜಿಯ ಮೇಲೆ ನಾಲ್ಕು ಸಾಲಿನ ಇಂಗ್ಲಿಷ್ ಸಾರಾಂಶ ಲಗತ್ತಿಸಿ. ಊರಿನ ಕಾಲೇಜು ಹುಡುಗರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ.

ಸಾವಿರ ಜನರ ಸಹಿ ಹಾಕಿಸಿದರೆ ಹೆಚ್ಚು ಪರಿಣಾಮವೇ?

ಒಂದೇ ಮಾದರಿಯ ಸಾವಿರ ಪತ್ರಗಳು ಒಂದೇ ಅಂಶವಾಗಿ ಪಟ್ಟಿಗೆ ಸೇರುತ್ತವೆ. ಬೇರೆಬೇರೆ ಸರ್ವೆ ನಂಬರಿನ 20 ಅರ್ಜಿಗಳು 20 ಅಂಶಗಳು. ರಾಜಕೀಯ ಒತ್ತಡಕ್ಕೆ ಸಹಿ ಬೇಕಾದರೆ ಮಾಡಿಸಿ, ಎರಡನ್ನೂ ಬೆರೆಸಬೇಡಿ.

ಗ್ರಾಮಸಭೆಯ ಠರಾವು ಬೇಕೇ?

ಇದ್ದರೆ ಒಳ್ಳೆಯದು. ಆದರೆ ಅದು ನಿಜವಾದ ಗ್ರಾಮಸಭೆಯಾಗಿರಬೇಕು: ಪಂಚಾಯತ್ ರಾಜ್ ಕಾಯ್ದೆಯಂತೆ ನೋಟಿಸು, ಕೋರಂ, ಪಿಡಿಒ ಬರೆದ ನಡಾವಳಿ, ಠರಾವು ಸಂಖ್ಯೆ. ಪಂಚಾಯಿತಿ ಸದಸ್ಯರ ಮಾಸಿಕ ಸಭೆಯ ಠರಾವನ್ನು ಗ್ರಾಮಸಭೆಯದ್ದೆಂದು ಕಳಿಸುವವರಿದ್ದಾರೆ, ಅದು ಸುಲಭವಾಗಿ ಸಿಕ್ಕಿಬೀಳುತ್ತದೆ. ಠರಾವಿನ ಜೊತೆ ಬಿಡಿ ಅರ್ಜಿಗಳೂ ಹೋಗಲಿ.

ಎಲ್ಲಿಗೆ, ಹೇಗೆ ಕಳಿಸಬೇಕು?

ಕರಡಿನಲ್ಲಿ ಮುದ್ರಿಸಿರುವ ವಿಳಾಸಕ್ಕೇ. ಸಾಮಾನ್ಯವಾಗಿ ಅದು ನವದೆಹಲಿಯ ಜೋರ್‌ಬಾಗ್ ರಸ್ತೆಯ ಇಂದಿರಾ ಪರ್ಯಾವರಣ ಭವನದಲ್ಲಿರುವ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯದ ಕಾರ್ಯದರ್ಶಿಗೆ. ಜೊತೆಗೆ ಇಮೇಲ್ ವಿಳಾಸವೂ ಇರುತ್ತದೆ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಮೆರವಣಿಗೆಯಲ್ಲಿ ಹೋಗಿ ಮನವಿ ಕೊಟ್ಟು ಬಂದರೆ ಮುಗಿಯಿತು ಎಂದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅವರಿಗೆ ಪ್ರತಿ ಕೊಡಿ, ಮೂಲ ದೆಹಲಿಗೆ ಹೋಗಲಿ.

ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡನ್ನೂ ಮಾಡಿ. ಇಮೇಲ್‌ನ ವಿಷಯದ ಸಾಲಿನಲ್ಲಿ ಅಧಿಸೂಚನೆ ಸಂಖ್ಯೆ ಇರಲಿ. ಮೊಬೈಲಿನಲ್ಲಿ ತೆಗೆದ 40 ಫೋಟೋ ಲಗತ್ತಿಸಿದರೆ ತೂಕ ಹೆಚ್ಚಾಗಿ ಮೇಲ್ ತಿರುಗಿ ಬರುತ್ತದೆ, ಒಂದು ಪಿಡಿಎಫ್ ಮಾಡಿ. ಅಂಚೆ ರಸೀದಿಗಳನ್ನು ಅರ್ಜಿಯ ಪ್ರತಿಗೇ ಪಿನ್ ಮಾಡಿಡಿ, ಬಿಡಿಯಾಗಿಟ್ಟ ರಸೀದಿಯ ಅಕ್ಷರ ಎರಡು ವರ್ಷದಲ್ಲಿ ಮಾಸಿರುತ್ತದೆ. ಒಂದು ಜೆರಾಕ್ಸನ್ನೂ ತೆಗೆದಿಡಿ.

ಕರಾವಳಿಯಲ್ಲಿ ಬೇರೆ ಕ್ರಮ ಎಂದಿರಲ್ಲ?

ಹೌದು. 2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ರಾಜ್ಯಗಳು ನಿರ್ವಹಣಾ ಯೋಜನೆಯ ನಕ್ಷೆ ತಯಾರಿಸುವಾಗ ಕರಡಿನ ಮೇಲೆ ಜಿಲ್ಲಾ ಮಟ್ಟದಲ್ಲಿ ಸಾರ್ವಜನಿಕ ಅಹವಾಲು ನಡೆಯಲೇಬೇಕು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಕ್ಕೆ ಸಂಬಂಧಿಸಿದ್ದು. ಅಲ್ಲಿ ನೋಡಬೇಕಾದ ಗೆರೆ ಭರತದ ರೇಖೆ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆ. ಗ್ರಾಮೀಣ ಕರಾವಳಿಯಲ್ಲಿ 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನವಿದ್ದರೆ ನಿರ್ಮಾಣ ನಿಷೇಧದ ಪಟ್ಟಿ ಆ ಗೆರೆಯಿಂದ 50 ಮೀಟರ್, ಇಲ್ಲವಾದರೆ 200 ಮೀಟರ್. ನಿಮ್ಮ ಗ್ರಾಮವನ್ನು ಯಾವ ಪಂಗಡಕ್ಕೆ ಹಾಕಿದ್ದಾರೆ ಎಂಬುದರಿಂದ ಮನೆಕಟ್ಟೆಯ ಭವಿಷ್ಯ ತೀರ್ಮಾನವಾಗುತ್ತದೆ.

ಮೀನುಗಾರರ ಗ್ರಾಮ, ಜೆಟ್ಟಿ, ಮಂಜುಗಡ್ಡೆ ಸ್ಥಾವರ, ಮೀನು ಒಣಗಿಸುವ ಜಾಗ, ಸಮುದಾಯದ ಸಾಮಾನ್ಯ ಆಸ್ತಿ, ಇವೆಲ್ಲ ನಕ್ಷೆಯಲ್ಲಿ ಗುರುತಾಗಬೇಕೆಂದು ಅಧಿಸೂಚನೆಯೇ ಹೇಳುತ್ತದೆ. ಬಲೆ ಹರಡುವ, ದೋಣಿ ಎಳೆದಿಡುವ ಮರಳಿನ ಮೇಲೆ ಯಾರ ಪಹಣಿಯೂ ಇರುವುದಿಲ್ಲ. ನಕ್ಷೆಯಲ್ಲೂ ಇಲ್ಲದಿದ್ದರೆ ನಾಳೆ ಅದು 'ಖಾಲಿ ಜಾಗ'. ಊರಿನವರೇ ನಡೆದು ಮೊಬೈಲಿನಲ್ಲಿ ಬಿಂದು ಗುರುತಿಸಿ ಅಹವಾಲಿಗೆ ಒಯ್ಯಬೇಕು. ಪೂರ್ವತಯಾರಿಯ ಸಭೆಗೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನ ಅನುಕೂಲ, ಗಂಡಸರು ದಡದಲ್ಲಿರುತ್ತಾರೆ. ಮೀನು ಮಾರುವ ಹೆಂಗಸರಿಗೆ ಮಾರುಕಟ್ಟೆ ಮುಗಿದ ಮೇಲಿನ ಮಧ್ಯಾಹ್ನವೇ ಸರಿ.

ಗಣಿ, ಅಣೆಕಟ್ಟಿನ ಅಹವಾಲು ಸಭೆಗೂ ಇದೇ ನಿಯಮವೇ?

ಅಲ್ಲ. ಅದು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯದು. ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಪ್ರತಿನಿಧಿಯದ್ದು. ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ಪತ್ರಿಕೆಯಲ್ಲಿ ಕನಿಷ್ಠ 30 ದಿನ ಮುಂಚೆ ಪ್ರಕಟಣೆ, ಕನ್ನಡದಲ್ಲಿ ಸಾರಾಂಶ ವರದಿ, ಪೂರ್ತಿ ವಿಡಿಯೊ, ಕೊನೆಗೆ ಸ್ಥಳೀಯ ಭಾಷೆಯಲ್ಲಿ ನಡಾವಳಿ ಓದಿ ಹೇಳಿ ಅದೇ ದಿನ ಸಹಿ. ಮುಂದೂಡಿದರೆ ಮತ್ತೆ ಹೊಸದಾಗಿ 30 ದಿನ. ಕೋರಂ ಇಲ್ಲ. ಆದ್ದರಿಂದ ಬಹಿಷ್ಕರಿಸಿ ಹೊರಗೆ ಕೂತರೂ ಒಳಗೆ ಸಭೆ ಕಾನೂನುಬದ್ಧವಾಗಿ ಮುಗಿದುಹೋಗುತ್ತದೆ. ಬಹಿಷ್ಕರಿಸುವುದೇ ತೀರ್ಮಾನವಾದರೆ ಕಾರಣವನ್ನು ಬರೆದು ಒಳಗೆ ಕೊಟ್ಟು ಸ್ವೀಕೃತಿ ಪಡೆದು ಹೊರಬನ್ನಿ.

ಕಳಿಸಿದ ಮೇಲೆ ಏನಾಯಿತೆಂದು ತಿಳಿಯುವುದು ಹೇಗೆ?

ತಾವಾಗಿ ಉತ್ತರ ಬರುವುದಿಲ್ಲ. ಸೂಕ್ಷ್ಮ ವಲಯಗಳ ಕರಡನ್ನು ಸಚಿವಾಲಯದ ತಜ್ಞರ ಸಮಿತಿ ನೋಡುತ್ತದೆ. ಅದರ ನಡಾವಳಿಯಲ್ಲಿ ಬಂದ ಆಕ್ಷೇಪಣೆಗಳು, ರಾಜ್ಯ ಕೊಟ್ಟ ಉತ್ತರ ದಾಖಲಾಗುತ್ತವೆ. ಗಡುವು ಮುಗಿದು ಮೂರು ತಿಂಗಳ ಬಳಿಕ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಕೇಳಿ: ಒಟ್ಟು ಎಷ್ಟು ಆಕ್ಷೇಪಣೆ ಬಂದವು, ನಮ್ಮದರ ನೋಂದಣಿ ಸಂಖ್ಯೆ ಏನು, ರಾಜ್ಯದ ಅಭಿಪ್ರಾಯದ ಪ್ರತಿ ಕೊಡಿ. ರಾಜ್ಯದ ಅರಣ್ಯ, ಪರಿಸರ ಇಲಾಖೆಗೂ ಅದೇ ಅರ್ಜಿ. ಎರಡು ಉತ್ತರಗಳು ತಾಳೆಯಾಗದಿರುವುದೂ ಉಂಟು.

ಕರಡು ಮತ್ತೆ ಹೊಸದಾಗಿ ಬಂದರೆ ಹಳೆಯ ಆಕ್ಷೇಪಣೆ ಸಾಕೇ?

ಸಾಲದು. ನಿಗದಿತ ಅವಧಿಯೊಳಗೆ ಅಂತಿಮವಾಗದ ಕರಡು ಬಿದ್ದುಹೋಗುತ್ತದೆ. ಹೊಸದು ಬಂದರೆ ಹೊಸ ಸಂಖ್ಯೆ, ಹೊಸ 60 ದಿನ. ಪಶ್ಚಿಮ ಘಟ್ಟದ ಕರಡು 2014, 2015, 2017, 2018, 2022, 2024 ಹೀಗೆ ಆರು ಸಲ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹಾಗೆಂದು ಕೇಂದ್ರದ ಕರಡು ತಾನಾಗಿ ಇಲ್ಲವಾಗುವುದಿಲ್ಲ. ಪ್ರತಿ ಸಲವೂ ಅನುಬಂಧದ ಕ್ರಮಸಂಖ್ಯೆ, ಖಂಡಿಕೆ ಸಂಖ್ಯೆ ಬದಲಾಗಿರಬಹುದು, ಹಳೆಯ ಅರ್ಜಿಯ ದಿನಾಂಕ ಮಾತ್ರ ತಿದ್ದಿ ಕಳಿಸಿದರೆ ಉಲ್ಲೇಖಗಳೆಲ್ಲ ತಪ್ಪುತ್ತವೆ. ಸಭೆಯ ಕಡತ, ನಕ್ಷೆ, ಗ್ರಾಮಗಳ ತಾಳೆಪಟ್ಟಿ, ದಶಮಾಂಶಕ್ಕೆ ತಿರುಗಿಸಿದ ಬಿಂದುಗಳು ಇವಿಷ್ಟನ್ನು ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು ಪ್ರತಿ, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ. ಮುಂದಿನ ಕರಡಿಗೆ ಮೊದಲ 25 ದಿನದ ಕೆಲಸ ವಾರಕ್ಕಿಳಿಯುತ್ತದೆ.